ಸಂತಾಪಕ್ಕೂ ಅದೇ ಹಿನ್ನೆಲೆ, ಸೇಲ್‌ಗೂ ಅದೇ ಹಿನ್ನೆಲೆ

ಈಗಷ್ಟೇ ನೋಡಿದೆ. ಒಬ್ಬರು ತೀರಿಹೋದ ಸ್ನೇಹಿತನ ಬಗ್ಗೆ ನಾಲ್ಕು ಸಾಲು ಬರೆದಿದ್ದಾರೆ. ಓದಿದರೆ ಗಂಟಲು ಕಟ್ಟುತ್ತದೆ. ಅಕ್ಷರಗಳ ಹಿಂದೆ ತಿಳಿ ಗುಲಾಬಿ ಜಲವರ್ಣ, ಅಂಚಿಗೆ ಚಿನ್ನದ ಗೆರೆ. ಸ್ವಲ್ಪ ಕೆಳಗೆ ಸರಿಸಿದರೆ ಯಾವುದೋ ಬಟ್ಟೆ ಸೇಲ್‌ನ ಜಾಹೀರಾತು, ಅದರ ಹಿಂದೆಯೂ ಅದೇ ಗುಲಾಬಿ, ಅದೇ ಚಿನ್ನದ ಗೆರೆ! ನಿಜಕ್ಕೂ ಸಿಟ್ಟು ಬಂತು.

ನನ್ನನ್ನು ಬಲ್ಲವರಿಗೆ ಗೊತ್ತು, ಬ್ಲಾಗಿಗೆ ಹಾಕುವ ಪ್ರತಿ ಚಿತ್ರದ ಹಿನ್ನೆಲೆಯನ್ನೂ ನಾನು ಕೈಯಲ್ಲೇ ಮಾಡುತ್ತೇನೆ. ಇದು ಹಟ ಅಂತ ಕೆಲವರು ಹೇಳುತ್ತಾರೆ. ಇರಲಿ ಬಿಡಿ. ಮಾತು ನಿಮ್ಮದು, ನೋವು ನಿಮ್ಮದು, ಅದರ ಹಿಂದಿನ ಬಣ್ಣ ಮಾತ್ರ ಯಾರದ್ದೋ ಯಾಕೆ? ಎಲ್ಲರಿಗೂ ಹೊಂದಲಿ ಅಂತ ಆ್ಯಪುಗಳಲ್ಲಿ ಮಾಡಿಟ್ಟ ಸಿದ್ಧ ಟೆಂಪ್ಲೇಟು ನಿಮ್ಮ ದುಃಖಕ್ಕೆ ಹೇಗೆ ಹೊಂದುತ್ತದೆ?

"ನಂಗೆ ಚಿತ್ರ ಬಿಡಿಸೋಕೆ ಬರಲ್ಲ" ಅನ್ನುತ್ತೀರಿ. ಚಿತ್ರ ಬಿಡಿಸಿ ಅಂತ ಯಾರು ಹೇಳಿದರು? ಹಿನ್ನೆಲೆಯಲ್ಲಿ ಹೂವು ಹಕ್ಕಿ ಬಂದು ಕೂತರೆ ಅಕ್ಷರಕ್ಕೆ ಜಾಗವೇ ಇರುವುದಿಲ್ಲ. 300 ಜಿಎಸ್‌ಎಂನ (ಚದರ ಮೀಟರಿಗೆ 300 ಗ್ರಾಂ ತೂಗುವ) ಜಲವರ್ಣ ಕಾಗದ ತೆಗೆದುಕೊಳ್ಳಿ, ತೆಳುವಾದದ್ದು ನೀರು ಬಿದ್ದ ಕೂಡಲೇ ಸುರುಟಿಕೊಳ್ಳುತ್ತದೆ. ಅಂಚಿಗೆ ಟೇಪ್ ಅಂಟಿಸಿ, ಅಗಲ ಬ್ರಷ್ಷಿನಿಂದ ಇಡೀ ಹಾಳೆ ಒದ್ದೆ ಮಾಡಿ, ಅಲ್ಟ್ರಾಮರೀನ್ ಅನ್ನುವ ಗಾಢ ನೀಲಿ ಬಣ್ಣ ಅದರ ಮೇಲೆ ಬಿಡಿ. ಅದು ತಾನೇ ಹರಡುತ್ತದೆ, ಕಾಗದದ ಸಣ್ಣ ಸಣ್ಣ ಗುಳಿಗಳಲ್ಲಿ ಕಣಕಣವಾಗಿ ಕೂರುತ್ತದೆ. ಒದ್ದೆಯ ಹೊಳಪು ಇನ್ನೇನು ಮಾಸಬೇಕು ಅನ್ನುವಾಗ ಕಲ್ಲುಪ್ಪು ಉದುರಿಸಿ. ಒಂದೊಂದು ಹರಳೂ ಸುತ್ತಲಿನ ನೀರು ಹೀರುತ್ತಾ ಬಣ್ಣವನ್ನೂ ಎಳೆದುಕೊಳ್ಳುತ್ತದೆ, ಸುತ್ತ ಬಿಳಿ ನಕ್ಷತ್ರ ಬಿಡುತ್ತದೆ. ಬೇಗ ಹಾಕಿದರೆ ಉಪ್ಪು ಕರಗಿಹೋಗುತ್ತದೆ, ತಡವಾದರೆ ಏನೂ ಆಗುವುದಿಲ್ಲ. ಆ ಒಂದು ಗಳಿಗೆಗೋಸ್ಕರ ಹಾಳೆಯ ಮುಂದೆ ಬಗ್ಗಿ ಕಾಯುವುದಿದೆಯಲ್ಲ, ನನಗೆ ಅಷ್ಟು ಖುಷಿ ಕೊಡುವ ಕೆಲಸ ಇನ್ನೊಂದಿಲ್ಲ.

ಪೂರ್ತಿ ಒಣಗಿದ ಮೇಲೆ ಉಪ್ಪು ಒರೆಸಿ ತೆಗೆಯಿರಿ, ಮುಗಿಯಿತು.

ಇನ್ನೊಂದು ಮಾತು ಈಗ ಎಲ್ಲರ ಬಾಯಲ್ಲೂ ಇದೆ. ಎಐಗೆ ಹೇಳಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ನೂರು ಹಿನ್ನೆಲೆ ಕೊಡುತ್ತದಂತೆ. ಕೊಡಲಿ. ನನಗೆ ನೂರು ಬೇಡ, ಈ ಮಾತಿಗೆ ಹೊಂದುವ ಒಂದು ಬೇಕು. ಟೈಮ್ ಇಲ್ಲ ಅನ್ನುವವರಿಗೂ ಹೇಳುತ್ತೇನೆ: ಎ4 ಹಾಳೆಯನ್ನು 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಸ್ಕ್ಯಾನ್ ಮಾಡಿದರೆ ಸುಮಾರು 2480 × 3508 ಪಿಕ್ಸೆಲ್ ಸಿಗುತ್ತದೆ. ಇನ್‌ಸ್ಟಾಗ್ರಾಮಿನ ಉದ್ದ ಪೋಸ್ಟಿಗೆ 1080 × 1350 ಸಾಕು. ಅಂದರೆ ಒಂದೇ ಹಾಳೆಯಲ್ಲಿ, ಒಂದರ ಮೇಲೊಂದು ಬೀಳದ ಹಾಗೆ, ನಾಲ್ಕು ಬೇರೆ ಬೇರೆ ಹಿನ್ನೆಲೆ. ಟೆಂಪ್ಲೇಟು ಹುಡುಕುತ್ತಾ ಕೂರುವುದಕ್ಕೆ ಇದಕ್ಕಿಂತ ಜಾಸ್ತಿ ಹೊತ್ತು ಹೋಗುತ್ತದೆ ಅಲ್ವಾ?

ಟರ್ಕಿಯ ಎಬ್ರು ನೋಡಿ. ಅಂಟುನೀರಿನ ಮೇಲೆ ಬಣ್ಣ ತೇಲಿಸಿ ಕಾಗದಕ್ಕೆ ಇಳಿಸಿಕೊಳ್ಳುವ ಕಲೆ. ಪುಸ್ತಕದ ರಟ್ಟಿಗೆ, ಸುಂದರ ಅಕ್ಷರಗಳ ಹಿನ್ನೆಲೆಗೆ ಅಂತ ಜನ ಅದನ್ನು ತಲೆಮಾರುಗಳಿಂದ ಮಾಡುತ್ತಾ ಬಂದಿದ್ದಾರೆ. 2014ರಲ್ಲಿ ಯುನೆಸ್ಕೋದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿತು. ಒಮ್ಮೆ ಇಳಿಸಿದ ವಿನ್ಯಾಸ ಮತ್ತೆ ಹಾಗೇ ಬರುವುದಿಲ್ಲ. ಹಿನ್ನೆಲೆಗೂ ಅಷ್ಟು ಮರ್ಯಾದೆ ಇತ್ತು.

ಹೇಳಿಬಿಡುತ್ತೇನೆ. ಅಪ್ಪ ತೀರಿಹೋದ ವಾರ ಒಂದು ಹಾಳೆಗೆ ಸುಮ್ನೆ ಬೂದು ಬಣ್ಣ ಬಳಿದಿದ್ದೆ. ಅದರ ಮೇಲೆ ಬರೆಯುವಂಥ ಮಾತು ಇನ್ನೂ ಸಿಕ್ಕಿಲ್ಲ. ಆ ಬೂದು ಯಾವ ಆ್ಯಪಿನಲ್ಲೂ ಇಲ್ಲ. ನನ್ನ ಸಿಟ್ಟು ಎಲ್ಲಿಂದ ಬರುತ್ತದೆ ಅಂತ ಈಗ ಗೊತ್ತಾಯಿತಲ್ಲ.

ಸ್ಕ್ಯಾನರ್ ಇಲ್ಲದವರು ಕಿಟಕಿ ಪಕ್ಕ ಹಗಲು ಬೆಳಕಲ್ಲಿ, ಫೋನನ್ನು ಹಾಳೆಗೆ ನೇರವಾಗಿ ಹಿಡಿದು ಫೋಟೋ ತೆಗೆಯಿರಿ. ಫ್ಲ್ಯಾಶ್ ಬೇಡ, ಬಲ್ಬಿನ ಹಳದಿ ಬೆಳಕು ಸೇರಿಕೊಳ್ಳುವುದೂ ಬೇಡ. ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್, ಅಂದರೆ ಹೊಳಪಿನ ಅಂತರ, ಕಡಿಮೆ ಅಂದರೂ 4.5:1 ಇರಲಿ. ನಕ್ಷತ್ರದ ಗುರುತು ಅಕ್ಷರದ ಕೆಳಗೆ ಬಂದು ಓದಲು ತೊಡಕಾದರೆ ಹಾಳೆಯ ಇನ್ನೊಂದು ಮೂಲೆಯಿಂದ ಕ್ರಾಪ್ ಮಾಡಿಕೊಳ್ಳಿ. ಮೊದಲ ಹಾಳೆ ಮಾಡಿದವರು ಕೆಳಗೆ ಕಾಮೆಂಟಲ್ಲಿ ಹಾಕಿ, ನಾನು ನೋಡಲೇಬೇಕು.