ಡಸ್ಟ್‌ಫಿಂಗರ್ ಬರೀ ದ್ರೋಹಿ ಅಲ್ಲ

ಕೊರ್ನೇಲಿಯಾ ಫುಂಕೆ ಅವರ 'ಇಂಕ್‌ಹಾರ್ಟ್' ಕಾದಂಬರಿ ಬಗ್ಗೆ ನೀವು ಬರೆದಿದ್ದು ಓದಿ ಖುಷಿಯಾಯ್ತು. ಆದರೆ ಅದರಲ್ಲಿ ಬರುವ ಡಸ್ಟ್‌ಫಿಂಗರ್ ಎಂಬ ಪಾತ್ರವನ್ನು ನೀವು 'ಬರೀ ದ್ರೋಹಿ' ಅಂದಿದ್ದನ್ನು ನಾನು ಒಪ್ಪುವುದಿಲ್ಲ. ಕಥೆಯ ನಾಯಕ ಮೋನನ್ನು ಅವನು ಖಳನಾಯಕನಿಗೆ ಹಿಡಿದುಕೊಟ್ಟಿದ್ದು ತಪ್ಪೇ. ಆದರೆ ಮೋ ಜೋರಾಗಿ ಓದಿದರೆ ಪಾತ್ರಗಳು ಜೀವಂತವಾಗಿ ಹೊರಬರುತ್ತವೆ; ಹಾಗೆ ಒಂದು ಪುಸ್ತಕದಿಂದ ಹೊರಗೆ ಬಂದು ಬಿದ್ದವನು ಇವನು. ಬರ್ತೀಯಾ ಅಂತ ಯಾರೂ ಕೇಳಿರಲಿಲ್ಲ, ಅಲ್ವಾ? ವರ್ಷಗಟ್ಟಲೆ ಅವನಿಗೆ ಮನೆಯದೇ ಚಿಂತೆ. ಮೊದಲ ಅಧ್ಯಾಯದಲ್ಲೇ ನೋಡಿ, ರಾತ್ರಿ ಮಳೆಯಲ್ಲಿ ನೆನೆಯುತ್ತಾ ಕಿಟಕಿಯಾಚೆ ಸುಮ್ನೆ ನಿಂತಿರುತ್ತಾನೆ. ಜೊತೆಗಿರುವುದು ಕೊಂಬಿನ ಪ್ರಾಣಿ ಗ್ವಿನ್ ಒಂದೇ. ತನ್ನ ಕಥೆಯಲ್ಲಿ ತನಗೆ ಸಾವು ಕಾದಿದೆ ಅಂತ ಗೊತ್ತಾದ ಮೇಲೂ ವಾಪಸ್ ಹೋಗುವ ಆಸೆ ಬಿಡುವುದಿಲ್ಲ. ಆ ಪುಟ ಮಗಳಿಗೆ ಓದಿ ಹೇಳುವಾಗ ನನ್ನ ಗಂಟಲು ಕಟ್ಟಿತ್ತು. 'ಅಮ್ಮಾ, ಅವನನ್ನೂ ಒಳಗೆ ಓದಿಬಿಡು' ಅಂದಳು ಅವಳು.