ಗಿರಣಿ ಬೀದಿಗೆ ಡಿಜಿಟಲ್ ವಲಯ: ನಗರ ಕೈಹಾಕಬೇಕಿತ್ತೇ?

ಸ್ಪೇನಿನ ಬಾರ್ಸಿಲೋನಾದ ಪೊಬ್ಲೆನೌ ಬಡಾವಣೆಯನ್ನು ಒಂದು ಕಾಲಕ್ಕೆ ಕ್ಯಾಟಲೋನಿಯಾ ಪ್ರಾಂತ್ಯದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಬಟ್ಟೆ ಗಿರಣಿಗಳು, ಅವುಗಳ ಮಗ್ಗುಲಲ್ಲೇ ಕಾರ್ಮಿಕರ ಮನೆಗಳು. 1960ರ ದಶಕದಿಂದೀಚೆಗೆ ಗಿರಣಿಗಳಿಗೆ ಒಂದೊಂದಾಗಿ ಬೀಗ ಬಿತ್ತು. 2000ದಲ್ಲಿ ನಗರಪಾಲಿಕೆ ಅಲ್ಲಿನ ಸುಮಾರು 200 ಹೆಕ್ಟೇರ್ ಕೈಗಾರಿಕಾ ಜಾಗವನ್ನು ಡಿಜಿಟಲ್ ಉದ್ಯಮಗಳ ವಲಯ ಮಾಡಲು ಹೊರಟಿತು. ನಗರ ಯೋಜನೆಯಲ್ಲಿ ಕೈಗಾರಿಕೆಗೆಂದು ಇದ್ದ ‘22ಎ’ ಸಂಕೇತದ ‘ಎ’ಗೆ ಇಮೇಲ್ ವಿಳಾಸದ ಸುತ್ತು ಹಾಕಿ ‘22@’ ಎಂದು ಹೆಸರಿಟ್ಟರು. ಕಾಲು ಶತಮಾನ ಕಳೆದಿದೆ, ನಗರ ಕೈಹಾಕಿದ್ದು ಸರಿಯೇ ಎಂಬ ಜಗಳ ಮುಗಿದಿಲ್ಲ. ಎರಡೂ ಕಡೆಯ ವಾದ ಇಲ್ಲಿದೆ.

ಪರ: ಪಾಲು ಕೇಳಿಯೇ ಎಫ್‌ಎಆರ್ (ಜಾಗದ ಅಳತೆಗೆ ತಕ್ಕಂತೆ ಕಟ್ಟಬಹುದಾದ ಪ್ರಮಾಣ) ಕೊಟ್ಟರು

ಭೂ ಬಳಕೆ ಬದಲಾದ ದಿನ ಜಾಗದ ಬೆಲೆ ಏರುತ್ತದೆ. ಮಾಲೀಕ ಒಂದು ಇಟ್ಟಿಗೆಯನ್ನೂ ಇಟ್ಟಿರುವುದಿಲ್ಲ; ಏರಿಸಿದ್ದು ಸರ್ಕಾರದ ಒಂದು ಸಹಿ. ಆ ಏರಿಕೆ ಯಾರ ಜೇಬಿಗೆ ಹೋಗಬೇಕು ಎಂಬ ಪ್ರಶ್ನೆಗೆ ಬಾರ್ಸಿಲೋನಾ ಲೆಕ್ಕ ಹಾಕಿ ಉತ್ತರ ಕೊಟ್ಟಿತು. ಒಂದು ಚದರ ಅಡಿ ಜಾಗಕ್ಕೆ ಎರಡು ಚದರ ಅಡಿ ಕಟ್ಟಬಹುದಾಗಿದ್ದವರಿಗೆ ಮೂರು ಚದರ ಅಡಿಯವರೆಗೆ ಅವಕಾಶ ಸಿಕ್ಕಿತು. ಆದರೆ ಹೆಚ್ಚುವರಿಯ ದೊಡ್ಡ ಪಾಲು ಡಿಜಿಟಲ್ ಮತ್ತು ಜ್ಞಾನಾಧಾರಿತ ಕೆಲಸಗಳಿಗೆ, ಇನ್ನೊಂದು ಪಾಲು ಕಡಿಮೆ ದರದ ಮನೆಗಳಿಗೆ ಎಂದು ಷರತ್ತು. ಜೊತೆಗೆ ಮಾಲೀಕರು ಶೇ. 30ರಷ್ಟು ಜಾಗವನ್ನು ನಗರಕ್ಕೆ ಬಿಟ್ಟುಕೊಡಬೇಕಿತ್ತು: ಮೂರರಲ್ಲಿ ಒಂದು ಭಾಗ ಉದ್ಯಾನಕ್ಕೆ, ಒಂದು ಶಿಕ್ಷಣ–ಸಂಶೋಧನೆಯಂಥ ಸೌಲಭ್ಯಕ್ಕೆ, ಒಂದು ಸಾರ್ವಜನಿಕ ವಸತಿಗೆ.

ಬೆಂಗಳೂರಿನ ಮಲ್ಲೇಶ್ವರದ ರಾಜಾ ಮಿಲ್ ಜಾಗದಲ್ಲಿ ಮಂತ್ರಿ ಸ್ಕ್ವೇರ್ ಮಾಲ್ ಎದ್ದದ್ದನ್ನು ಕಂಡವರಿಗೆ ಈ ಷರತ್ತಿನ ಬೆಲೆ ಬಿಡಿಸಿ ಹೇಳಬೇಕಿಲ್ಲ.

ನಗರ ಮೊದಲು ಕೈಹಾಕದಿದ್ದರೆ ಏನೂ ಆಗುತ್ತಿರಲಿಲ್ಲ. ನೂರಾರು ಮಾಲೀಕರಿರುವ ಹಳೆ ಬಡಾವಣೆಯಲ್ಲಿ ಯಾವ ಬಿಲ್ಡರ್ ಒಬ್ಬನೇ ಬೀದಿ ಅಗೆದು ಫೈಬರ್ ಕೊಳವೆ ಹಾಕಿಸುತ್ತಾನೆ? ಇಡೀ ಪ್ರದೇಶಕ್ಕೆ ಬಿಸಿ–ತಂಪು ಒದಗಿಸುವ ಕೊಳವೆ ಜಾಲ, ಕಸವನ್ನು ನೆಲದಡಿಯೇ ಗಾಳಿಯಲ್ಲಿ ಎಳೆದೊಯ್ಯುವ ವ್ಯವಸ್ಥೆ, ಹೊಸ ವಿದ್ಯುತ್ ಸಾಲು ಎಲ್ಲಕ್ಕೂ ಸೇರಿ ಸುಮಾರು 18 ಕೋಟಿ ಯೂರೋಗಳ ಯೋಜನೆ ಮಾಡಿ, ಅದರ ದೊಡ್ಡ ಪಾಲನ್ನು ಜಾಗದ ಮಾಲೀಕರಿಂದಲೇ ವಸೂಲು ಮಾಡುವಂತೆ ಇಟ್ಟರು. ತೆರಿಗೆದಾರರ ದುಡ್ಡು ಪೋಲಾಯಿತು ಎನ್ನುವವರು ಈ ಲೆಕ್ಕ ನೋಡಬೇಕು.

ಇನ್ನೊಂದು ಸಂಗತಿ ಯಾರೂ ಅಷ್ಟಾಗಿ ಎತ್ತುವುದಿಲ್ಲ. ಕೈಗಾರಿಕಾ ಜಾಗದಲ್ಲಿವೆ ಎಂಬ ಕಾರಣಕ್ಕೆ ದಶಕಗಳಿಂದ ನಿಯಮಬಾಹಿರವಾಗಿದ್ದ 4,000ಕ್ಕೂ ಹೆಚ್ಚು ಮನೆಗಳನ್ನು ಇದೇ ಯೋಜನೆ ಸಕ್ರಮ ಮಾಡಿತು. ಬಿ ಖಾತಾ ಹಿಡಿದು ಕಚೇರಿ ಸುತ್ತಿದವರಿಗೆ ಆ ನೆಮ್ಮದಿ ಗೊತ್ತು.

ಕೆಡವಿದ್ದೇ ಕೆಡವಿದ್ದು ಎನ್ನುವುದೂ ಪೂರ್ತಿ ನಿಜವಲ್ಲ. ಕಾ ಲಾರನ್ಯೋ ಗಿರಣಿ ಈಗ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನ ಭಾಗ.

ವಿರೋಧ: ಆ ಲೆಕ್ಕದಲ್ಲಿ ಬಾಡಿಗೆದಾರ ಎಲ್ಲಿ?

ಎದುರು ಪಕ್ಷದವರ ಲೆಕ್ಕ ಚೆನ್ನಾಗಿದೆ. ನಗರಕ್ಕೆ ಶೇ. 30, ಮಾಲೀಕನಿಗೆ ಮಹಡಿ. ಮಾತುಕತೆ ನಡೆದದ್ದು ಇವರಿಬ್ಬರ ನಡುವೆ. ಬಾಡಿಗೆಗೆ ಕೂತು ದುಡಿಯುತ್ತಿದ್ದವನನ್ನು ಆ ಮೇಜಿಗೆ ಯಾರೂ ಕರೆಯಲಿಲ್ಲ.

ಕಾನ್ ರಿಕಾರ್ಟ್ ನೋಡಿ. 19ನೇ ಶತಮಾನದ ಮಧ್ಯದಲ್ಲಿ ಬಟ್ಟೆಗೆ ಅಚ್ಚು ಹಾಕಲು ಕಟ್ಟಿದ ಕಾರ್ಖಾನೆ. ಕಡತದಲ್ಲಿ ‘ಹಳೆಯ ಕೈಗಾರಿಕಾ ಕಟ್ಟಡ’, ಒಳಗೆ ಮಾತ್ರ ಮೂವತ್ತಕ್ಕೂ ಹೆಚ್ಚು ಸಣ್ಣ ಉದ್ದಿಮೆಗಳು ನಡೆಯುತ್ತಿದ್ದವು. ಕಲಾವಿದರ ಸ್ಟುಡಿಯೋಗಳೂ ಇದ್ದವು. ಪಾಳುಬಿದ್ದ ಜಾಗಕ್ಕೆ ಜೀವ ತುಂಬಿದೆವು ಎನ್ನುವವರು ಈ ಬಾಗಿಲನ್ನು ತೆರೆದು ನೋಡಿರಲಿಲ್ಲವೇ? ಕಂಪ್ಯೂಟರ್ ಮುಂದೆ ಕೂತವನದು ಜ್ಞಾನ, ಯಂತ್ರದ ಮುಂದೆ ನಿಂತವನದು ಅಲ್ಲ ಎಂದು ಒಂದು ವಲಯ ಸಂಕೇತ ತೀರ್ಮಾನಿಸಿತು. 2005–06ರ ಹೊತ್ತಿಗೆ, ಬಡಾವಣೆಯವರು ಬೀದಿಗಿಳಿದು ಪ್ರತಿಭಟಿಸುತ್ತಿದ್ದಾಗಲೇ, ಉದ್ದಿಮೆಗಳನ್ನು ಖಾಲಿ ಮಾಡಿಸಲಾಯಿತು. ಆಮೇಲೆ ಕಟ್ಟಡಕ್ಕೆ ಪಾರಂಪರಿಕ ರಕ್ಷಣೆ ಸಿಕ್ಕಿತು. ಗೋಡೆ ಉಳಿಯಿತು. ಆದರೆ ಕಟ್ಟಡದ ಬಹುಭಾಗ ಎಷ್ಟೋ ವರ್ಷ ಬಳಕೆಯಿಲ್ಲದೆ ಹಾಳಾಗುತ್ತಾ ನಿಂತಿತ್ತು. ಖಾಲಿ ಮಾಡಿಸುವ ಅವಸರ ಯಾತಕ್ಕಿತ್ತೋ!

2013ರ ಜುಲೈನಲ್ಲಿ ಅದೇ ಬಡಾವಣೆಯ ಪುಜ್ಸರ್ದಾ ಬೀದಿಯ ಗೋದಾಮಿನಿಂದ ಸುಮಾರು 300 ಜನರನ್ನು ಎಬ್ಬಿಸಿದರು. ಹೆಚ್ಚಿನವರು ಆಫ್ರಿಕಾದಿಂದ ಬಂದ ವಲಸಿಗರು, ಸೂಪರ್ ಮಾರ್ಕೆಟ್ಟಿನ ತಳ್ಳುಗಾಡಿಯಲ್ಲಿ ಗುಜರಿ ಆಯ್ದು ಹೊಟ್ಟೆ ಹೊರೆಯುವವರು. ಹೊಸ ಆರ್ಥಿಕತೆಯ ಬೀದಿಗಳಲ್ಲೇ ಅವರ ದುಡಿಮೆಯೂ ನಡೆದಿತ್ತು, ಯಾವ ನಕ್ಷೆಯಲ್ಲೂ ಅದಕ್ಕೊಂದು ಬಣ್ಣ ಇರಲಿಲ್ಲ.

ಇನ್ನು ವಸತಿ. ಕಡಿಮೆ ದರದ 4,000 ಮನೆ ಎಂದಿದ್ದರು. ಕಚೇರಿಗಳು ಮೊದಲು ಎದ್ದವು. ಮನೆಗಳ ಭರವಸೆ ಇಪ್ಪತ್ತು ವರ್ಷ ಕಳೆದರೂ ಪೂರ್ತಿಯಾಗಲಿಲ್ಲ. ಅಷ್ಟರಲ್ಲಿ ಬಾಡಿಗೆ ಸುಮ್ಮನೆ ಕೂತಿರಲಿಲ್ಲ. ಕೊನೆಗೆ ನಗರವೇ ಮತ್ತೆ ನಕ್ಷೆ ಬಿಚ್ಚಿ, ಮೊದಲಿಗಿಂತ ಹೆಚ್ಚು ಮನೆಗಳಿಗೆ ಜಾಗ ಕೊಡುವಂತೆ 2022ರಲ್ಲಿ ಯೋಜನೆ ತಿದ್ದಿತು. ಮೊದಲಿನ ಲೆಕ್ಕ ಸರಿಯಿದ್ದಿದ್ದರೆ ತಿದ್ದುವ ಕೆಲಸ ಎಲ್ಲಿಂದ ಬಂತು?

ಸಕ್ರಮವಾದ ಮನೆಗಳ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಅದು ಒಳ್ಳೆಯ ಕೆಲಸವೇ. ಆದರೆ ಆ ಸಕ್ರಮಕ್ಕೆ ಡಿಜಿಟಲ್ ವಲಯದ ನೆಪ ಬೇಕಿರಲಿಲ್ಲ. ಹಳೆ ಗಿರಣಿ ಉಳಿಸುವುದಕ್ಕೂ ಬೇಕಿರಲಿಲ್ಲ. ಅದೇ ಪೊಬ್ಲೆನೌನಲ್ಲಿ ಕಾನ್ ಫೆಲಿಪಾ ಎಂಬ ಬಟ್ಟೆ ಗಿರಣಿ 1978ರಲ್ಲಿ ಮುಚ್ಚಿತು. ಅದು ತಮಗೆ ಬೇಕೆಂದು ಬಡಾವಣೆಯ ಜನ ಹಟ ಹಿಡಿದರು, 1991ರಲ್ಲಿ ಅದು ಅವರ ಸಮುದಾಯ ಭವನವಾಗಿ ತೆರೆಯಿತು. ‘22@’ ಬರಲು ಆಗ ಇನ್ನೂ ಒಂಬತ್ತು ವರ್ಷ ಇತ್ತು.