ಒಂದು ಗಂಟೆ ತಾನೇ!

ಬೆಂಗಳೂರಿನಿಂದ ಮಂಗಳೂರಿಗೆ ಆಕಾಶಮಾರ್ಗದಲ್ಲಿ ಸುಮಾರು 300 ಕಿಲೋಮೀಟರ್. ಟಿಕೆಟ್ಟಿನಲ್ಲಿ ಹೆಚ್ಚುಕಡಿಮೆ ಒಂದು ಗಂಟೆ ಎಂದಿರುತ್ತದೆ. ಕದ್ರಿಯ ನಮ್ಮ ಚಿಕ್ಕಮ್ಮನಿಗೆ ಅದು ವೇದವಾಕ್ಯ. ವಿಮಾನ ರನ್‌ವೇವರೆಗೆ ತೆವಳಿ, ಸರದಿಯಲ್ಲಿ ನಿಲ್ಲುವ ಹೊತ್ತೂ ಆ ಗಂಟೆಯೊಳಗೇ ಬರುತ್ತದೆ; ನಿಜವಾದ ಹಾರಾಟ ಮುಕ್ಕಾಲು ಗಂಟೆಯ ಆಸುಪಾಸು. ಏರಿ ಮುಗಿಯಿತು ಅನ್ನುವಷ್ಟರಲ್ಲಿ ಇಳಿಯಲು ಶುರು.

ಆದರೆ ಜೆ.ಪಿ. ನಗರದಿಂದ ದೇವನಹಳ್ಳಿ ಸೇರುವ ಸಮಯವನ್ನು ಯಾವ ಟಿಕೆಟ್ಟೂ ಹೇಳುವುದಿಲ್ಲ. ಅದನ್ನು ಹೆಬ್ಬಾಳದ ಮೇಲ್ಸೇತುವೆಯೇ ಹೇಳಬೇಕು. ಮಂಗಳೂರು ಇರುವುದು ಪಶ್ಚಿಮಕ್ಕೆ. ನಾವು ಊರನ್ನೆಲ್ಲ ಸೀಳಿಕೊಂಡು ಉತ್ತರಕ್ಕೆ, ಸ್ವಲ್ಪ ಪೂರ್ವಕ್ಕೂ ಹೋಗಿ, ಮಂಗಳೂರಿನಿಂದ ಇನ್ನಷ್ಟು ದೂರವಾಗಿ, ಅಲ್ಲಿಂದ ಪ್ರಯಾಣ ಆರಂಭಿಸುತ್ತೇವೆ. ಇದಕ್ಕೆ ವೇಗದ ಸಾರಿಗೆ ಎಂದು ಹೆಸರು.

ಕಳೆದ ಮಳೆಗಾಲದಲ್ಲಿ ಪಕ್ಕದ ಮನೆಯ ಭಟ್ಟರೂ ಮಂಗಳೂರಿಗೆ ಹೊರಟಿದ್ದರು, ರಾತ್ರಿ ಬಸ್ಸಿನಲ್ಲಿ. ವಿಮಾನದ ತೂಕದ ಮಿತಿಗೆ ಹೆದರಿ, ಚಿಕ್ಕಮ್ಮನಿಗೆಂದು ಕಟ್ಟಿದ್ದ ಚೀಲವನ್ನು ಅವರ ಕೈಗಿತ್ತೆ. "ಪಾಪ, ರಾತ್ರಿಯಿಡೀ ಶಿರಾಡಿ ಘಾಟಿಯಲ್ಲಿ ಕುಲುಕಬೇಕಲ್ಲ" ಎಂದು ಮರುಕವನ್ನೂ ಪಟ್ಟೆ.

ಮರುದಿನ ನಸುಕಿಗೇ ಎದ್ದು ವಿಮಾನ ಹತ್ತಿದೆ. ಬಜ್ಪೆಯ ಮೇಲೆ ಬಂದರೆ ಕೆಳಗೆ ಬರೀ ಮೋಡ. ಗುಡ್ಡದ ನೆತ್ತಿಯನ್ನು ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣವದು. ರನ್‌ವೇಯ ಅಂಚು ದಾಟಿದರೆ ಕಣಿವೆ. ರನ್‌ವೇ ಕಾಣದೆ ಇಳಿಸುವ ಮಾತೇ ಇಲ್ಲ. ಮಂಜುನಾಥನ ಗುಡಿಗೆ ಬಂದ ಭಕ್ತನಂತೆ ವಿಮಾನ ಸುತ್ತು ಹಾಕತೊಡಗಿತು. ಪಕ್ಕದಲ್ಲಿದ್ದ ಹಿರಿಯರು ಪ್ರತಿ ಸುತ್ತಿಗೂ ಬೆರಳು ಮಡಚುತ್ತಿದ್ದರು. ಕೊನೆಗೆ ಪೈಲಟ್ ಶಾಂತ ಸ್ವರದಲ್ಲಿ, ಬೆಂಗಳೂರಿಗೆ ಮರಳುತ್ತಿದ್ದೇವೆ ಎಂದರು. ಹಿರಿಯರು ಮಡಚಿದ ಬೆರಳುಗಳನ್ನು ಬಿಡಿಸಿಕೊಂಡು ನಿದ್ದೆಗೆ ಜಾರಿದರು.

ದೂರ ಬೇರೆ, ಸ್ಥಾನಪಲ್ಲಟ ಬೇರೆ ಎಂದು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು ವರ್ಷವಿಡೀ ಗಂಟಲು ಹರಿದುಕೊಂಡಿದ್ದರು. ಅಂದು ತಲೆಗೆ ಹೋಯಿತು. ಚಲಿಸಿದ ದೂರ 600 ಕಿಲೋಮೀಟರಿಗೂ ಮಿಗಿಲು, ಸ್ಥಾನಪಲ್ಲಟ ಸೊನ್ನೆ, ಟಿಕೆಟ್ಟಿನ ದರ ಮಾತ್ರ ಪೂರ್ತಿ.

ಮೊಬೈಲ್ ಚಾಲೂ ಮಾಡುತ್ತಿದ್ದಂತೆ ಚಿಕ್ಕಮ್ಮನ ಕರೆ.

"ಇಳಿದೆಯಾ ಮಾರಾಯ?"

"ಇಳಿದೆ ಚಿಕ್ಕಮ್ಮ."

"ಹಾಗಾದರೆ ನೀರುದೋಸೆಗೆ ಕಾವಲಿ ಇಡುತ್ತೇನೆ."

"ಇಳಿದದ್ದು ಬೆಂಗಳೂರಿನಲ್ಲಿ."

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ಬೆಂಗಳೂರಿನಲ್ಲಿ ಇಳಿಯಲಿಕ್ಕೆ ವಿಮಾನ ಯಾಕೆ ಹತ್ತಿದೆ?" ಎಂದರು. ಸಮಂಜಸವಾದ ಪ್ರಶ್ನೆ. ಉತ್ತರ ಹುಡುಕುತ್ತಿರುವಾಗ, ಅವರ ಅಡುಗೆಮನೆಯಿಂದ ಪರಿಚಿತ ಗಂಡು ದನಿಯೊಂದು ಕೇಳಿಸಿತು:

"ಚೀಲ ಅಲ್ಲೇ ಮೂಲೆಯಲ್ಲಿ ಇಟ್ಟಿದ್ದೇನೆ ಅಮ್ಮ. ಅವನು ಬರುವುದು ತಡವಾದರೆ, ಆ ಹಿಟ್ಟು ಹುಳಿ ಬರುವ ಮೊದಲು ನನಗೇ ಇನ್ನೆರಡು ಹೊಯ್ದುಬಿಡಿ."